ಬಿದ್ದದ್ದೆಲ್ಲ ಫಿಟ್ಸ್ ಅಲ್ಲ, ಫಿಟ್ಸ್ ಬಂದವರೆಲ್ಲ ಬೀಳುವುದೂ ಇಲ್ಲ

ಮದುವೆ ಹಾಲ್‌ನ ಸೆಕೆಯಲ್ಲಿ ಒಬ್ಬಳು ಹುಡುಗಿ ಕುಸಿದು ಬಿದ್ದಳು, ಕೈಕಾಲು ನಾಲ್ಕು ಸಲ ಅದುರಿತು ಎಂದಿಟ್ಟುಕೊಳ್ಳಿ. ಮತ್ತೆ ನಡೆಯುವುದೆಲ್ಲ ನಮಗೆ ಗೊತ್ತಿದ್ದದ್ದೇ. ಒಬ್ಬರು ಕಬ್ಬಿಣದ ಬೀಗದ ಕೈ ತಂದು ಅವಳ ಅಂಗೈಯಲ್ಲಿ ಹಿಡಿಸುತ್ತಾರೆ. ಇನ್ನೊಬ್ಬರು ನೀರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಮತ್ತೊಬ್ಬರು ಬಾಯಿಗೆ ನೀರು ಹೊಯ್ಯುತ್ತಾರೆ. ಎರಡು ನಿಮಿಷದಲ್ಲಿ ಹುಡುಗಿ ಎದ್ದು ಕೂರುತ್ತಾಳೆ. ಆದರೆ ಅಷ್ಟರಲ್ಲಿ ಒಂದು ಮಾತು ಹಾಲ್ ದಾಟಿ ಊರಿಗೆ ಹೋಗಿ ಆಗಿರುತ್ತದೆ: "ಅವಳಿಗೆ ಫಿಟ್ಸ್ ಉಂಟಂತೆ." ಇಲ್ಲದಿದ್ದರೆ ಇನ್ನೊಂದು ಮಾತು: "ಅವಳಿಗೆ ಏನೋ ಕೂಡಿದೆಯಂತೆ."

ಈ ಎರಡು ಮಾತುಗಳಲ್ಲಿ ಯಾವುದು ಅಂಟಿಕೊಂಡರೂ ಸುಲಭದಲ್ಲಿ ಬಿಡುವುದಿಲ್ಲ. ಮೊದಲನೆಯದು ಅಂಟಿದರೆ ಬೇಡದ ಮಾತ್ರೆ ವರ್ಷಗಟ್ಟಲೆ ಹೊಟ್ಟೆಗೆ ಹೋಗುತ್ತದೆ, ನಿಕಾಹ್‌ನ ಮಾತು ಅರ್ಧದಲ್ಲಿ ನಿಲ್ಲುತ್ತದೆ, ಗಂಡಸಾದರೆ ಡ್ರೈವಿಂಗ್ ಕೆಲಸವೂ ಹೋಗುತ್ತದೆ. ಎರಡನೆಯದು ಅಂಟಿದರೆ ನಿಜವಾಗಿ ಫಿಟ್ಸ್ ಇದ್ದವರಿಗೆ ಸಿಗಬೇಕಾದ ಮದ್ದು ಸಿಗುವುದಿಲ್ಲ. ಹಾಗಾಗಿ ಯಾವುದು ಫಿಟ್ಸ್, ಯಾವುದು ಅಲ್ಲ ಎಂದು ಬೇರೆ ಮಾಡುವುದು ಡಾಕ್ಟರರ ಕೆಲಸವಾದರೂ, ಅದಕ್ಕೆ ಬೇಕಾದ ಮುಖ್ಯ ಸಾಕ್ಷಿ ಇರುವುದು ನಮ್ಮ ಮನೆಯಲ್ಲಿ. ಆ ಹೊತ್ತಿಗೆ ಪಕ್ಕದಲ್ಲಿದ್ದು ಕಣ್ಣಾರೆ ಕಂಡವರು ಏನು ಹೇಳುತ್ತಾರೆ ಎಂಬುದರ ಮೇಲೆಯೇ ಹೆಚ್ಚಿನ ಸಲ ರೋಗದ ಹೆಸರು ತೀರ್ಮಾನವಾಗುವುದು.

ಫಿಟ್ಸ್ ಅಂದರೆ ಎಂತದ್ದು?

ನಮ್ಮ ಮೆದುಳಿನ ಕೋಟ್ಯಂತರ ಜೀವಕೋಶಗಳು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳಲ್ಲಿ ಮಾತಾಡಿಕೊಳ್ಳುತ್ತವೆ. ಕೆಲವೊಮ್ಮೆ ಒಂದು ಭಾಗದ ಜೀವಕೋಶಗಳು ಅಥವಾ ಇಡೀ ಮೆದುಳಿನವು ಒಟ್ಟಿಗೆ, ಹದ ತಪ್ಪಿ ಸಂಕೇತ ಬಿಡಲು ಸುರು ಮಾಡುತ್ತವೆ. ಅದು ಫಿಟ್ಸ್. ಇಡೀ ಮೆದುಳಿಗೆ ಹಬ್ಬಿದರೆ ಮನುಷ್ಯ ಬೀಳುತ್ತಾನೆ, ಮೈ ಸೆಟೆಯುತ್ತದೆ, ಅದುರುತ್ತದೆ. ಒಂದು ಮೂಲೆಯಲ್ಲೇ ನಿಂತರೆ ಆ ಮೂಲೆಯ ಕೆಲಸ ಏನೋ ಅದು ಮಾತ್ರ ಏರುಪೇರಾಗುತ್ತದೆ. ಒಂದು ಕೈ ಮಾತ್ರ ಅದುರಬಹುದು, ಇಲ್ಲದ ವಾಸನೆ ಬರಬಹುದು, ಕಾರಣ ಇಲ್ಲದೆ ಹೆದರಿಕೆ ಆಗಬಹುದು.

ಒಂದು ಸಲ ಫಿಟ್ಸ್ ಬಂದ ಮಾತ್ರಕ್ಕೆ ಅಪಸ್ಮಾರ ರೋಗ ಇದೆ ಎಂದು ಅರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ನೂರರಲ್ಲಿ ಹತ್ತು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಫಿಟ್ಸ್ ಬರಬಹುದು. ಜ್ವರ, ಸಕ್ಕರೆ ಇಳಿಯುವುದು, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದು, ತಲೆಗೆ ಏಟು ಬೀಳುವುದು ಹೀಗೆ ತಕ್ಷಣದ ಕಾರಣ ಇಲ್ಲದೆ, 24 ಗಂಟೆಗಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಬಂದರೆ ಸಾಮಾನ್ಯವಾಗಿ ಅಪಸ್ಮಾರ ಎನ್ನುತ್ತಾರೆ. ಒಂದೇ ಸಲ ಬಂದಿದ್ದರೂ ಮತ್ತೆ ಬರುವ ಸಾಧ್ಯತೆ ಬಹಳ ಹೆಚ್ಚು ಎಂದು ಪರೀಕ್ಷೆಯಲ್ಲಿ ಕಂಡರೆ ಆಗಲೂ ಹಾಗೆನ್ನುತ್ತಾರೆ.

ತಲೆ ತಿರುಗಿ ಬೀಳುವವರು

ಫಿಟ್ಸ್ ಎಂದು ಹೆಚ್ಚಾಗಿ ತಪ್ಪು ತಿಳಿಯುವುದು ಬರೇ ತಲೆ ತಿರುಗಿ ಬೀಳುವುದನ್ನು. ಸೆಕೆಯಲ್ಲಿ ತುಂಬಾ ಹೊತ್ತು ನಿಂತಾಗ, ಹೊಟ್ಟೆ ಖಾಲಿ ಇದ್ದಾಗ, ರಕ್ತ ನೋಡಿದಾಗ, ಇಂಜೆಕ್ಷನ್ ಕೊಡುವಾಗ, ಹಿಜಾಮ ಮಾಡಿಸುವಾಗ, ವಯಸ್ಸಾದವರು ರಾತ್ರಿ ಎದ್ದು ಮೂತ್ರಕ್ಕೆ ಹೋದಾಗ ರಕ್ತದ ಒತ್ತಡ ಒಮ್ಮೆಲೇ ಇಳಿಯುತ್ತದೆ. ಮೆದುಳಿಗೆ ಕೆಲವು ಕ್ಷಣ ರಕ್ತ ಸಾಲುವುದಿಲ್ಲ, ಮನುಷ್ಯ ಕುಸಿಯುತ್ತಾನೆ.

"ಆದರೆ ಕೈಕಾಲು ಅದುರಿತಲ್ಲ?" ಎಂದು ಕೇಳುವವರು ಉಂಟು. ಅದುರುವುದು ಫಿಟ್ಸ್‌ನ ಗುರುತು ಎಂದೇ ನಾವೆಲ್ಲ ತಿಳಿದಿರುವುದು. ಜರ್ಮನಿಯ ವೈದ್ಯರು ಆರೋಗ್ಯವಂತ ಯುವಕ ಯುವತಿಯರನ್ನು ಅವರ ಒಪ್ಪಿಗೆಯ ಮೇಲೆ ತಲೆ ತಿರುಗಿ ಬೀಳುವಂತೆ ಮಾಡಿ ವಿಡಿಯೊ ತೆಗೆದಿದ್ದರು. 1994ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪೂರ್ತಿ ಪ್ರಜ್ಞೆ ತಪ್ಪಿದ 42 ಮಂದಿಯಲ್ಲಿ 38 ಮಂದಿಗೆ ಕೈಕಾಲು ಅದುರಿತ್ತು. ಅವರಲ್ಲಿ ಯಾರಿಗೂ ಆದದ್ದು ಫಿಟ್ಸ್ ಅಲ್ಲ. ಅಂದರೆ ಸುಮ್ಮನೆ ತಲೆ ತಿರುಗಿ ಬಿದ್ದವರೂ ನಾಲ್ಕಾರು ಸಲ ಅದುರುತ್ತಾರೆ, ಅದು ಕೆಲವೇ ಸೆಕೆಂಡು ಮಾತ್ರ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮೂರು ಕಡೆ: ಬೀಳುವ ಮೊದಲು, ಬಿದ್ದಾಗ, ಎದ್ದ ಮೇಲೆ.

ತಲೆ ತಿರುಗಿ ಬೀಳುವವರಿಗೆ ಮೊದಲೇ ಸೂಚನೆ ಸಿಗುತ್ತದೆ. ಕಣ್ಣು ಕತ್ತಲೆ ಬರುತ್ತದೆ, ಕಿವಿ ಗುಂಯ್ ಎನ್ನುತ್ತದೆ, ಬೆವರು ಕಿತ್ತು ಬರುತ್ತದೆ, ಹೊಟ್ಟೆ ತೊಳಸುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ. ಬೀಳುವಾಗ ಮೈ ಬಿಟ್ಟುಹೋದ ಹಾಗೆ ಕುಸಿಯುತ್ತಾರೆ. ಮಲಗಿಸಿದರೆ ಅರ್ಧ ಒಂದು ನಿಮಿಷದಲ್ಲಿ ಕಣ್ಣು ಬಿಟ್ಟು, "ನಾನು ಎಲ್ಲಿದ್ದೇನೆ, ಏನಾಯಿತು" ಎಂದು ಸರಿಯಾಗಿ ಮಾತಾಡುತ್ತಾರೆ. ಸುಸ್ತು ಇರಬಹುದು, ಗಲಿಬಿಲಿ ಇರುವುದಿಲ್ಲ.

ದೊಡ್ಡ ಫಿಟ್ಸ್ ನಿಂತಾಗ ಬರುತ್ತದೆ, ಕೂತಾಗ ಬರುತ್ತದೆ, ನಿದ್ದೆಯಲ್ಲೂ ಬರುತ್ತದೆ. ಮೈ ಮೊದಲು ಕೊರಡಿನ ಹಾಗೆ ಸೆಟೆಯುತ್ತದೆ, ಕೆಲವರು ವಿಚಿತ್ರವಾಗಿ ಒಮ್ಮೆ ಕೂಗುತ್ತಾರೆ, ಕಣ್ಣು ತೆರೆದೇ ಇರುತ್ತದೆ, ತುಟಿ ನೀಲಿಯಾಗುತ್ತದೆ. ಮತ್ತೆ ಒಂದೇ ತಾಳದಲ್ಲಿ ಒಂದರಿಂದ ಮೂರು ನಿಮಿಷ ಜೋರಾಗಿ ಅದುರುತ್ತದೆ. ನಾಲಗೆಯ ಬದಿ ಕಚ್ಚಿ ರಕ್ತ ಬರಬಹುದು. ನಿಂತ ಮೇಲೆ ಗೊರಕೆಯ ಹಾಗೆ ಉಸಿರು. ಎದ್ದರೂ ಹದಿನೈದು ಇಪ್ಪತ್ತು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಮನೆಯವರ ಗುರುತು ಹಿಡಿಯುವುದಿಲ್ಲ, ತಲೆನೋವು, ಮೈಕೈ ನೋವು, ನಿದ್ದೆ.

ಮೂತ್ರ ಹೋಗುವುದು ಫಿಟ್ಸ್‌ನ ಗುರುತು ಎಂಬ ಮಾತು ಬಹಳ ಕಡೆ ಕೇಳುತ್ತೇವೆ. ಅದು ತಲೆ ತಿರುಗಿ ಬಿದ್ದವರಲ್ಲೂ ಆಗಬಹುದು, ಅದೊಂದರಿಂದಲೇ ತೀರ್ಮಾನ ಮಾಡಲಿಕ್ಕೆ ಆಗುವುದಿಲ್ಲ.

ಇನ್ನೊಂದು ವಿಷಯ. ತಲೆ ತಿರುಗಿ ಬಿದ್ದವರನ್ನು ನಾಲ್ಕು ಜನ ಸೇರಿ ಎತ್ತಿ ಕುರ್ಚಿಯಲ್ಲಿ ಕೂರಿಸುವ ರೂಢಿ ನಮ್ಮಲ್ಲಿ ಉಂಟು. ಕೂರಿಸಿದರೆ ರಕ್ತ ತಲೆಗೆ ಏರುವುದಿಲ್ಲ, ಅದುರುವುದು ಜಾಸ್ತಿಯಾಗಿ ನೋಡುವವರಿಗೆ ಫಿಟ್ಸ್ ಹಾಗೆಯೇ ಕಾಣುತ್ತದೆ. ನೆಲದಲ್ಲೇ ಮಲಗಿಸಿ, ಕಾಲು ಸ್ವಲ್ಪ ಎತ್ತಿ ಹಿಡಿದರೆ ಸಾಕು.

ಹೃದಯವನ್ನು ಮರೆಯಬಾರದು

ಬೀಳುವುದರಲ್ಲಿ ಅತಿ ಅಪಾಯದ್ದು ಒಂದು ಬೇರೆಯೇ ಉಂಟು. ಹೃದಯದ ಬಡಿತದ ತಾಳ ಒಮ್ಮೆಲೇ ತಪ್ಪಿ ಮೆದುಳಿಗೆ ರಕ್ತ ನಿಲ್ಲುವುದು. ನೋಡುವವರಿಗೆ ಇದೂ ಫಿಟ್ಸ್‌ನ ಹಾಗೆ ಕಾಣುತ್ತದೆ. ಹುಟ್ಟಿನಿಂದಲೇ ಹೃದಯದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಇರುವ ಕೆಲವು ಮಕ್ಕಳು, ಯುವಕರು ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿದ್ದೂ ಉಂಟು.

ಓಡುವಾಗ, ಆಡುವಾಗ, ಈಜುವಾಗ ಬಿದ್ದರೆ, ಒಮ್ಮೆಲೇ ದೊಡ್ಡ ಸದ್ದಿಗೆ ಬೆಚ್ಚಿ ಬಿದ್ದರೆ, ಬೀಳುವ ಮೊದಲು ಎದೆ ಡಬಡಬ ಹೊಡೆದುಕೊಂಡರೆ, ಕುಟುಂಬದಲ್ಲಿ ಯಾರಾದರೂ ಸಣ್ಣ ವಯಸ್ಸಿನಲ್ಲಿ ಕಾರಣ ಗೊತ್ತಿಲ್ಲದೆ ಹಠಾತ್ತನೆ ತೀರಿಹೋಗಿದ್ದರೆ ಅದನ್ನು ಡಾಕ್ಟರರಿಗೆ ಹೇಳಲೇಬೇಕು. ಹುಟ್ಟಾ ಕಿವಿ ಕೇಳಿಸದ ಮಗು ಓಡುವಾಗಲೋ ಅಳುವಾಗಲೋ ಪ್ರಜ್ಞೆ ತಪ್ಪಿದರೆ ಇನ್ನೂ ಹೆಚ್ಚು ಜಾಗ್ರತೆ ಬೇಕು, ಕಿವುಡುತನ ಮತ್ತು ಈ ಹೃದಯದ ದೋಷ ಜೊತೆಯಾಗಿ ಬರುವ ಒಂದು ವಂಶವಾಹಿ ಕಾಯಿಲೆ ಇದೆ. ಮೊದಲ ಸಲ ಬಿದ್ದವರಿಗೆಲ್ಲ ಒಂದು ಇಸಿಜಿ ಮಾಡಿಸುವುದು ಇದೇ ಕಾರಣಕ್ಕೆ. ಖರ್ಚು ಕಡಿಮೆ, ಐದು ನಿಮಿಷದ ಕೆಲಸ. "ಫಿಟ್ಸ್‌ಗೆ ಎದೆಯ ಪರೀಕ್ಷೆ ಯಾಕೆ?" ಎಂದು ಬೇಡ ಹೇಳಬೇಡಿ.

ಸಕ್ಕರೆ ಇಳಿದರೆ

ಸಕ್ಕರೆ ಕಾಯಿಲೆ ಇಲ್ಲದ ಮನೆ ಈಗ ನಮ್ಮಲ್ಲಿ ಅಪರೂಪ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ರಕ್ತದ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ಸಿಟ್ಟು, ತೊದಲು ಮಾತು, ಗಲಿಬಿಲಿ. ಇನ್ನೂ ಇಳಿದರೆ ಫಿಟ್ಸ್ ಕೂಡಾ ಬರುತ್ತದೆ. ಅದು ಅಪಸ್ಮಾರ ಅಲ್ಲ, ಸಕ್ಕರೆ ಕೊಟ್ಟರೆ ಹೋಗುವಂತಹದ್ದು.

ನೋಂಬಿನ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮಗ್ರಿಬ್‌ವರೆಗೆ ಇದರ ಬಗ್ಗೆ ಎಚ್ಚರ ಬೇಕು. ಮನೆಯಲ್ಲಿ ಸಕ್ಕರೆ ನೋಡುವ ಮೆಷಿನ್ ಇದ್ದರೆ ಮೊದಲು ಬೆರಳಿಗೆ ಚುಚ್ಚಿ ನೋಡಿ. 70ಕ್ಕಿಂತ ಕೆಳಗೆ ಇದ್ದರೆ ಆ ಹೊತ್ತಿಗೇ ನೋಂಬು ಬಿಡಬೇಕು ಎನ್ನುವುದು ವೈದ್ಯರ ಸಲಹೆ. ಬೆರಳಿಗೆ ಚುಚ್ಚಿ ನೋಡಿದರೆ ನೋಂಬು ಮುರಿಯುತ್ತದೆ ಎಂಬ ಹೆದರಿಕೆ ಇದ್ದರೆ ತಿಳಿದ ಉಸ್ತಾದರಲ್ಲಿ ಕೇಳಿ ನಿವಾರಿಸಿಕೊಳ್ಳಿ. ಪ್ರಜ್ಞೆ ಇದ್ದವರಿಗೆ ಸಕ್ಕರೆ ನೀರೋ ಶರಬತ್ತೋ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹೊಯ್ಯಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಕ್ಕಳಲ್ಲಿ ನಾಲ್ಕು ಬಗೆ

ಆರು ತಿಂಗಳಿಂದ ಐದು ವರ್ಷದ ಒಳಗಿನ ಮಕ್ಕಳಿಗೆ ಜ್ವರ ಏರುವಾಗ ಫಿಟ್ಸ್ ಬರುವುದುಂಟು. ನೋಡಿದ ಉಮ್ಮನ ಜೀವವೇ ಹೋದ ಹಾಗಾಗುತ್ತದೆ, ಆದರೆ ಹೆಚ್ಚಿನ ಮಕ್ಕಳಲ್ಲಿ ಕೆಲವು ನಿಮಿಷದಲ್ಲಿ ನಿಂತುಹೋಗುತ್ತದೆ, ಬುದ್ಧಿಗೆ ಏನೂ ಆಗುವುದಿಲ್ಲ, ದೊಡ್ಡವರಾದಾಗ ಅಪಸ್ಮಾರ ಆಗುವುದೂ ಕಡಿಮೆ. ಆದರೂ ಮೊದಲ ಸಲ ಬಂದಾಗ ಡಾಕ್ಟರರು ನೋಡಲೇಬೇಕು. ಮೆದುಳು ಜ್ವರದಲ್ಲಿಯೂ ಹೀಗೇ ಸುರುವಾಗುತ್ತದೆ.

ಇನ್ನು ಕೆಲವು ಮಕ್ಕಳು ಹಟ ಮಾಡಿ ಅಳುತ್ತಾ ಅಳುತ್ತಾ ಉಸಿರು ಕಟ್ಟಿ, ನೀಲಿಯಾಗಿ, ಮೈ ಬಿಟ್ಟುಬಿಡುತ್ತವೆ. ಅರ್ಧ ನಿಮಿಷ ಒಂದು ನಿಮಿಷದಲ್ಲಿ ಸರಿಯಾಗುತ್ತವೆ. ಯಾವಾಗಲೂ ಅಳು, ನೋವು ಅಥವಾ ಸಿಟ್ಟಿನ ಬೆನ್ನಿಗೇ ಬರುವುದು ಇದರ ಗುರುತು. ಫಿಟ್ಸ್‌ಗೆ ಅಳು ಬೇಕಿಲ್ಲ. ಇಂತಹ ಮಕ್ಕಳಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವುದುಂಟು. ಕೈಯಲ್ಲಿ ಕಬ್ಬಿಣ ಹಿಡಿಸುವ ಬದಲು ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರರು ಹೇಳಿದರೆ ಕಬ್ಬಿಣದ ಸಿರಪ್ ಕೊಡಿ.

ಮೂರನೆಯದು ಯಾರ ಗಮನಕ್ಕೂ ಬಾರದ್ದು. ಮದ್ರಸದಲ್ಲಿ ಓದುತ್ತಾ ಇದ್ದ ಮಗು ಒಮ್ಮೆಲೇ ನಿಲ್ಲಿಸಿ ಹತ್ತು ಸೆಕೆಂಡು ಶೂನ್ಯ ನೋಡುತ್ತದೆ, ರೆಪ್ಪೆ ಪಟಪಟ ಬಡಿಯುತ್ತದೆ, ಮತ್ತೆ ಏನೂ ಆಗದ ಹಾಗೆ ಓದುತ್ತದೆ. ದಿನಕ್ಕೆ ಹತ್ತಾರು ಸಲ. "ಗಮನ ಇಲ್ಲ, ಕನಸು ಕಾಣುತ್ತಾನೆ" ಎಂದು ಬೈಗುಳ ಸಿಗುತ್ತದೆ. ಬರೇ ಕನಸು ಕಾಣುವ ಮಗು ಹೆಸರು ಹಿಡಿದು ಕರೆದು ಭುಜ ಮುಟ್ಟಿದರೆ ತಿರುಗಿ ನೋಡುತ್ತದೆ. ಫಿಟ್ಸ್ ಆದರೆ ಮುಟ್ಟಿದರೂ ಗೊತ್ತಾಗುವುದಿಲ್ಲ. ಬೀಳದ, ಅದುರದ ಫಿಟ್ಸ್ ಅಂದರೆ ಇದು. ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಉಸ್ತಾದರೂ ಟೀಚರೂ ಇದನ್ನು ತಿಳಿದಿದ್ದರೆ ಎಷ್ಟೋ ಮಕ್ಕಳು ಪೆಟ್ಟಿನಿಂದ ತಪ್ಪಿಸಿಕೊಳ್ಳುತ್ತಾರೆ.

ನಾಲ್ಕನೆಯದು ತುರ್ತಿನದ್ದು. ಒಂದು ವರ್ಷದೊಳಗಿನ ಕೂಸು ನಿದ್ದೆಯಿಂದ ಎದ್ದ ಕೂಡಲೇ ತಲೆ ಮುಂದೆ ಬಾಗಿಸಿ, ಕೈ ಎರಡೂ ಚಾಚಿ ಬೆಚ್ಚಿದ ಹಾಗೆ ಮಾಡುತ್ತದೆ. ಒಂದಾದ ಮೇಲೆ ಒಂದರಂತೆ ಸಾಲಾಗಿ ಬರುತ್ತದೆ. "ಹೊಟ್ಟೆನೋವು, ಗ್ಯಾಸು" ಎಂದು ಕಷಾಯ ಕೊಟ್ಟು ತಿಂಗಳು ಕಳೆಯುವವರಿದ್ದಾರೆ. ಇದು ಕೂಸುಗಳ ಒಂದು ಗಂಭೀರ ಫಿಟ್ಸ್ ಇರಬಹುದು. ಮದ್ದು ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಹಾನಿ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಅದೇ ದಿನ ಮಕ್ಕಳ ಡಾಕ್ಟರರಿಗೆ ತೋರಿಸಿ.

ಹದಿಹರೆಯದವರಲ್ಲಿ ಇನ್ನೊಂದು ಉಂಟು. ಬೆಳಿಗ್ಗೆ ಎದ್ದು ಚಾ ಕುಡಿಯುವಾಗ ಕೈ ಝಟ್ಟೆಂದು ಎಗರಿ ಗ್ಲಾಸು ಬೀಳುವುದು. ಹುಷಾರಿಲ್ಲದವಳು ಎಂದು ಬೈದು ಬಿಡುತ್ತೇವೆ. ನಿದ್ದೆಗೆಟ್ಟ ಮರುದಿನ ಇದು ಜಾಸ್ತಿ, ಸಹರಿಗೆ ಎದ್ದ ದಿನಗಳಲ್ಲಿಯೂ ಹಾಗೆಯೇ. ಇದು ಒಂದು ಬಗೆಯ ಫಿಟ್ಸ್‌ನ ಮುನ್ಸೂಚನೆ. ಆದರೆ ನಿದ್ದೆ ಹತ್ತುವ ಹೊತ್ತಿಗೆ ಮೈ ಒಮ್ಮೆ ಬೆಚ್ಚುವುದು ಎಲ್ಲರಿಗೂ ಆಗುವಂತಹದ್ದು, ಅದಕ್ಕೆ ಹೆದರಬೇಕಿಲ್ಲ.

"ಕೂಡಿದೆ" ಎಂದು ಹೇಳುವ ಮೊದಲು

ಜಿನ್ನ್ ಉಪದ್ರ ಎಂದು ಕರೆಯುವುದರ ಹಿಂದೆ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿರಬಹುದು.

ಒಂದು, ಮೆದುಳಿನ ಬದಿಯ ಭಾಗದಿಂದ ಏಳುವ ಫಿಟ್ಸ್. ಹೊಟ್ಟೆಯ ಒಳಗಿಂದ ಏನೋ ಮೇಲೆ ಏರಿ ಬಂದ ಹಾಗೆ, ಇಲ್ಲದ ಕೆಟ್ಟ ವಾಸನೆ, ಒಮ್ಮೆಲೇ ಹೆದರಿಕೆ. ಮತ್ತೆ ಕಣ್ಣು ತೆರೆದೇ ಇದ್ದರೂ ಮಾತಿಗೆ ಉತ್ತರ ಇಲ್ಲ. ತುಟಿ ಚಪ್ಪರಿಸುವುದು, ಶಾಲಿನ ತುದಿ ಹಿಡಿದು ತಿರುಚುವುದು, ಅರ್ಥವಿಲ್ಲದ ಮಾತು, ಸುಮ್ಮನೆ ಎದ್ದು ನಡೆಯುವುದು. ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ನಡೆದದ್ದು ನೆನಪಿರುವುದಿಲ್ಲ. ಪ್ರತೀ ಸಲವೂ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಇದಕ್ಕೆ ಮಾತ್ರೆ ಉಂಟು.

ಎರಡನೆಯದು, ಮನಸ್ಸಿನ ಭಾರ ಮೈಯಲ್ಲಿ ಕಾಣಿಸುವುದು. ಇಲ್ಲಿ ಮೆದುಳಿನ ವಿದ್ಯುತ್ ಸರಿಯಾಗಿಯೇ ಇರುತ್ತದೆ. ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ತೆರೆಯಲು ಹೋದರೆ ತಡೆಯುತ್ತಾರೆ. ತಲೆಯನ್ನು ಆಚೆ ಈಚೆ ಹೊರಳಿಸುತ್ತಾರೆ, ಅದುರುವುದು ಒಮ್ಮೆ ಜೋರು ಒಮ್ಮೆ ನಿಧಾನ, ನಡುವೆ ಅಳು. ಐದು, ಹತ್ತು, ಇಪ್ಪತ್ತು ನಿಮಿಷ ಎಳೆಯುತ್ತದೆ. ಗುಣವಾಗದ ಫಿಟ್ಸ್ ಎಂದು ದೊಡ್ಡ ಅಪಸ್ಮಾರ ಕೇಂದ್ರಗಳಿಗೆ ಬರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇರುವುದು ಇದು. ಕೆಲವರಲ್ಲಿ ಎರಡೂ ಜೊತೆಗೆ ಇರುತ್ತದೆ.

ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು: ಇದು ನಾಟಕ ಅಲ್ಲ. ಅವರು ಬೇಕೆಂದು ಮಾಡುವುದಲ್ಲ, ತಡೆಯಲಿಕ್ಕೆ ಅವರ ಕೈಯಲ್ಲಿ ಆಗುವುದೂ ಇಲ್ಲ. ಹೇಳಿಕೊಳ್ಳಲಾಗದ ದುಃಖ, ಒತ್ತಡ, ಹಿಂದೆ ಅನುಭವಿಸಿದ ಹಿಂಸೆ ಹಲವರಲ್ಲಿ ಕಾರಣವಾಗಿರುತ್ತದೆ, ಆದರೆ ಎಲ್ಲರಲ್ಲೂ ಹಾಗೆಂದು ಹೇಳಲಾಗದು. ಹೆಂಗಸರಲ್ಲಿ ಹೆಚ್ಚು, ಗಂಡಸರಿಗೂ ಬರುತ್ತದೆ. ಫಿಟ್ಸ್ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಕೂತು ಕೇಳುವ ಮನುಷ್ಯರು, ಆಪ್ತಸಲಹೆ, ಮನೋವೈದ್ಯರ ಚಿಕಿತ್ಸೆ ಬೇಕು. ಕೇಂದ್ರ ಸರಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ದುಆ ಮಾಡುವುದನ್ನು, ಓದಿ ಊದುವುದನ್ನು ಯಾರೂ ಬೇಡವೆನ್ನುವುದಿಲ್ಲ. ಕೆಟ್ಟ ಹೊಗೆ ಹಾಕುವುದು, ಹೊಡೆಯುವುದು, ಸುಡುವುದು, ಮಾತ್ರೆ ನಿಲ್ಲಿಸಲು ಹೇಳುವುದು ಮಾತ್ರ ಆಗಬಾರದು. ಬುಖಾರಿ ಮತ್ತು ಮುಸ್ಲಿಂ ಹದೀಸ್ ಗ್ರಂಥಗಳಲ್ಲಿ ಫಿಟ್ಸ್ ಬರುತ್ತಿದ್ದ ಒಬ್ಬ ಮಹಿಳೆಯ ಪ್ರಸ್ತಾಪ ಉಂಟು. ಆಕೆ ಪ್ರವಾದಿ(ಸ)ಯವರ ಬಳಿ ಬಂದು ತನ್ನ ಕಾಯಿಲೆಯನ್ನು ಮುಚ್ಚಿಡದೆ ಹೇಳಿದರು, ಬಿದ್ದಾಗ ಬಟ್ಟೆ ಸರಿದು ಮೈ ಕಾಣದಿರಲಿ ಎಂದು ದುಆ ಬೇಡಿದರು, ಪ್ರವಾದಿಯವರು ದುಆ ಮಾಡಿದರು. ಆಕೆಯನ್ನು ಯಾರೂ ಹೀಗಳೆಯಲಿಲ್ಲ. ಸಾವಿರ ವರ್ಷದ ಹಿಂದೆ ಇಬ್ನು ಸೀನಾ ತಮ್ಮ ವೈದ್ಯಗ್ರಂಥದಲ್ಲಿ ಫಿಟ್ಸ್ ಬಗ್ಗೆ ಬರೆದದ್ದು ಮೆದುಳಿನ ಕಾಯಿಲೆಗಳ ಜೊತೆಗೆ. ಮದ್ದು ಮಾಡುವುದು ಈಮಾನಿಗೆ ಕಡಿಮೆ ಅಲ್ಲ.

ನೋಡಿದವರು ಏನು ಹೇಳಬೇಕು?

ಡಾಕ್ಟರರ ಎದುರು ಕೂತಾಗ "ಫಿಟ್ಸ್ ಬಂತು ಡಾಕ್ಟ್ರೇ" ಎಂದರೆ ಸಾಲದು. ನೋಡಿದ್ದನ್ನು ನೋಡಿದ ಹಾಗೆ ಹೇಳಬೇಕು. ಬಿದ್ದವರು ತಾನು ಬಿದ್ದದ್ದನ್ನು ನೋಡಿರುವುದಿಲ್ಲ, ಆದ್ದರಿಂದ ಕಂಡವರೇ ಜೊತೆಗೆ ಹೋಗಬೇಕು. ಉಮ್ಮ ಕಂಡದ್ದು, ಬಾಪ ಕರೆದುಕೊಂಡು ಹೋದದ್ದು ಆದರೆ ಅರ್ಧ ವಿಷಯ ಮನೆಯಲ್ಲೇ ಉಳಿಯುತ್ತದೆ. ಜೊತೆಗೆ ಹೋಗಲಾಗದಿದ್ದರೆ ಫೋನಿನಲ್ಲಾದರೂ ಮಾತಾಡಿಸಿ.

ಗಮನಿಸಬೇಕಾದದ್ದು ಇಷ್ಟು:

ಬೀಳುವ ಮೊದಲು ಏನು ಮಾಡುತ್ತಿದ್ದರು? ನಿಂತಿದ್ದರೋ, ಮಲಗಿದ್ದರೋ, ಓಡುತ್ತಿದ್ದರೋ?
ಮುಖ ಬಿಳಿಚಿತ್ತೋ, ನೀಲಿಯಾಗಿತ್ತೋ?
ಕಣ್ಣು ತೆರೆದಿತ್ತೋ, ಮುಚ್ಚಿತ್ತೋ? ಒಂದೇ ಕಡೆಗೆ ತಿರುಗಿತ್ತೋ?
ಮೊದಲು ಯಾವ ಕೈ ಅಥವಾ ಕಾಲು ಅದುರಿತು? ಎರಡೂ ಬದಿಯೋ, ಒಂದೇ ಬದಿಯೋ?
ಗಡಿಯಾರ ನೋಡಿ ಎಷ್ಟು ನಿಮಿಷ? ಅಂದಾಜು ಬೇಡ, ಹೆದರಿಕೆಯಲ್ಲಿ ಒಂದು ನಿಮಿಷವೂ ಹತ್ತು ನಿಮಿಷದ ಹಾಗೆ ಕಾಣುತ್ತದೆ.
ನಾಲಗೆ ಕಚ್ಚಿದ್ದರೆ ತುದಿಯೋ, ಬದಿಯೋ?
ಎಷ್ಟು ಹೊತ್ತಿಗೆ ಸರಿಯಾಗಿ ಮಾತಾಡಿದರು?
ಹಿಂದಿನ ರಾತ್ರಿ ನಿದ್ದೆ ಆಗಿತ್ತಾ? ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ?

ಒಬ್ಬರು ಆರೈಕೆ ಮಾಡುವಾಗ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆದರೆ ಡಾಕ್ಟರರಿಗೆ ಬಹಳ ಉಪಕಾರ. ಮುಖ ಮತ್ತು ಕೈಕಾಲು ಎರಡೂ ಕಾಣಲಿ. ಆದರೆ ಅದು ಡಾಕ್ಟರರಿಗೆ ಮಾತ್ರ, ಫ್ಯಾಮಿಲಿ ಗ್ರೂಪಿಗೂ ಹೋಗಬಾರದು. ಅದೊಂದು ಅಮಾನತ್ತು.

ಪರೀಕ್ಷೆಗಳ ಬಗ್ಗೆ ಎರಡು ಮಾತು

ತಲೆಗೆ ವಯರ್ ಅಂಟಿಸಿ ಮಾಡುವ ಇಇಜಿ ಪರೀಕ್ಷೆ ಆ ಅರ್ಧ ಗಂಟೆಯಲ್ಲಿ ಮೆದುಳು ಹೇಗಿತ್ತು ಎಂದು ಮಾತ್ರ ಹೇಳುತ್ತದೆ. ಅಪಸ್ಮಾರ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ಇಇಜಿ ಸರಿಯಾಗಿಯೇ ಇರುತ್ತದೆ. ಹಾಗಾಗಿ "ಇಇಜಿ ನಾರ್ಮಲ್, ಇನ್ನು ಮಾತ್ರೆ ಬೇಡ" ಎಂದು ನಾವೇ ತೀರ್ಮಾನ ಮಾಡುವುದು ಬೇಡ. ಸಂಶಯ ಉಳಿದರೆ ಗಂಟೆಗಟ್ಟಲೆ ವಿಡಿಯೊ ಸಮೇತ ಇಇಜಿ ಮಾಡುತ್ತಾರೆ. ಅದಕ್ಕೆ ಮಂಗಳೂರು, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ನರರೋಗ ವಿಭಾಗದಲ್ಲಿ ವಿಚಾರಿಸಬಹುದು, ಬೆಂಗಳೂರಿನ ನಿಮ್ಹಾನ್ಸ್ ಕೂಡಾ ಉಂಟು.

ಸ್ಕ್ಯಾನ್ ಮಾಡಿದಾಗ ಕೆಲವರ ಮೆದುಳಿನಲ್ಲಿ ಲಾಡಿಹುಳದ ಗುಳ್ಳೆ ಕಾಣುತ್ತದೆ. ಭಾರತದಲ್ಲಿ ಫಿಟ್ಸ್‌ಗೆ ಇದೊಂದು ದೊಡ್ಡ ಕಾರಣ. "ಅದು ಹಂದಿಯ ಹುಳ ಅಲ್ಲವಾ, ನಮಗೆ ಹೇಗೆ ಬರುತ್ತದೆ?" ಎಂದು ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಮೆದುಳಿಗೆ ಹೋಗುವುದು ಮಾಂಸದಿಂದ ಅಲ್ಲ. ಹುಳ ಇರುವ ಮನುಷ್ಯರ ಮಲದಲ್ಲಿ ಹೊರಬಂದ ಮೊಟ್ಟೆ ಕೊಳಕು ಕೈ, ಸರಿಯಾಗಿ ತೊಳೆಯದ ಹಸಿ ತರಕಾರಿ, ನೀರಿನ ಮೂಲಕ ಹೊಟ್ಟೆ ಸೇರಿದರೆ ಅಲ್ಲಿಂದ ಮೆದುಳಿಗೆ ಏರುತ್ತದೆ. ಹಂದಿ ಮುಟ್ಟದ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲಿ ಇದು ಕಂಡುಬಂದದ್ದು 1992ರಲ್ಲೇ ವರದಿಯಾಗಿತ್ತು. ಯಾರೂ ಸಂಶಯದ ಕಣ್ಣಿನಿಂದ ನೋಡಬೇಕಾದ್ದಿಲ್ಲ, ಸೊಪ್ಪು ತರಕಾರಿ ತೊಳೆದು ತಿಂದರೆ ಆಯಿತು.

ಫಿಟ್ಸ್ ಎಂದೇ ಆದರೆ

ಆಗಲೂ ಬದುಕು ಮುಗಿಯುವುದಿಲ್ಲ. ಪ್ರಪಂಚದಲ್ಲಿ ಸುಮಾರು 5 ಕೋಟಿ ಮಂದಿಗೆ ಅಪಸ್ಮಾರ ಇದೆ. ಸರಿಯಾಗಿ ಗುರುತಿಸಿ ಮದ್ದು ಕೊಟ್ಟರೆ ನೂರರಲ್ಲಿ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಲವು ವರ್ಷ ಫಿಟ್ಸ್ ಬಾರದಿದ್ದರೆ ಹಲವರಿಗೆ ಡಾಕ್ಟರರೇ ಮಾತ್ರೆ ನಿಧಾನಕ್ಕೆ ಕಡಿಮೆ ಮಾಡುತ್ತಾರೆ. ನಾವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಅಪಾಯ.

ನೋಂಬಿಗೆ ಒಂದು ತಿಂಗಳು ಮೊದಲೇ ಡಾಕ್ಟರರಲ್ಲಿ ಕೇಳಿ. ಸಹರಿ ಮತ್ತು ಇಫ್ತಾರಿಗೆ ಹೊಂದುವ ಹಾಗೆ ಮಾತ್ರೆ ಬದಲಿಸಲು ಕೆಲವರಲ್ಲಿ ಸಾಧ್ಯ. ಆಗದಿದ್ದರೆ ಕಾಯಿಲೆಯವರಿಗೆ ದೀನಿನಲ್ಲೇ ವಿನಾಯಿತಿ ಉಂಟು.

ಮದುವೆಯ ವಿಷಯ ಮುಚ್ಚಿಡುವಂತಹದ್ದಲ್ಲ. ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಯಲ್ಲಿ ಅಪಸ್ಮಾರವನ್ನು ಮದುವೆಗೆ ಅಡ್ಡಿ ಎಂದು ಹೇಳುತ್ತಿದ್ದ ಮಾತನ್ನೇ 1999ರಲ್ಲಿ ತೆಗೆದುಹಾಕಲಾಯಿತು. ನಿಕಾಹ್‌ಗೂ ಅದು ತಡೆಯಲ್ಲ. ಮೊದಲೇ ಹೇಳಿದರೆ ಹುಡುಗಿ ಮಾತ್ರೆಯನ್ನು ಕದ್ದು ನುಂಗಬೇಕಾಗಿಲ್ಲ. ಕದ್ದು ನುಂಗುವವರೇ ಮಾತ್ರೆ ತಪ್ಪಿಸುವುದು, ತಪ್ಪಿಸಿದಾಗಲೇ ಫಿಟ್ಸ್ ಬರುವುದು. ಫಿಟ್ಸ್‌ನ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ, ಆದ್ದರಿಂದ ಮಗು ಆಗುವ ಮೊದಲೇ ಡಾಕ್ಟರರಲ್ಲಿ ಮಾತಾಡಿ ಬದಲಿಸಿಕೊಳ್ಳಬೇಕು.

ವಾಹನ ಓಡಿಸುವವರು ಕೂಡಾ ಅಷ್ಟೇ. ಲೈಸೆನ್ಸ್ ಅರ್ಜಿಯ ಘೋಷಣೆಯಲ್ಲಿ ಅಪಸ್ಮಾರ ಅಥವಾ ಹಠಾತ್ತನೆ ಪ್ರಜ್ಞೆ ತಪ್ಪುವುದುಂಟೇ ಎಂಬ ಪ್ರಶ್ನೆ ಇದೆ. ಸುಳ್ಳು ಹೇಳಿ ಸ್ಟೇರಿಂಗ್ ಹಿಡಿದರೆ ಹೋಗುವುದು ಒಂದು ಜೀವ ಅಲ್ಲ. ಹಾಗೆಯೇ ಸರಿಯಾದ ಪರೀಕ್ಷೆ ಇಲ್ಲದೆ ಯಾರದೋ ಬಾಯಿಮಾತಿಗೆ ಒಬ್ಬ ಡ್ರೈವರನ ಅನ್ನ ಹೋಗುವುದೂ ಅನ್ಯಾಯವೇ.

ಬಿದ್ದ ಆ ಹೊತ್ತಿಗೆ

ಯಾವ ಕಾಯಿಲೆ ಎಂದು ಗೊತ್ತಿಲ್ಲದಿದ್ದರೂ ಈ ಕೆಲಸ ಎಲ್ಲದಕ್ಕೂ ಸರಿ. ತಾಗುವ ವಸ್ತು ಸರಿಸಿ. ತಲೆಯ ಕೆಳಗೆ ಮೆತ್ತನೆಯದ್ದು ಇಡಿ. ಕತ್ತಿನ ಬಳಿ ಶಾಲು, ಪಿನ್ನು, ಗುಂಡಿ ಸಡಿಲಿಸಿ. ಬಟ್ಟೆ ಸರಿದಿದ್ದರೆ ಮುಚ್ಚಿ, ಜನರನ್ನು ದೂರ ಕಳಿಸಿ. ಅದುರುವುದನ್ನು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. ಅದುರುವುದು ನಿಂತ ಕೂಡಲೇ ಒಂದು ಬದಿಗೆ ಮಗ್ಗುಲಾಗಿಸಿ ಮಲಗಿಸಿ, ಜೊಲ್ಲು ಹೊರಗೆ ಹೋಗಲಿ. ಬೀಗದ ಕೈ ಹಿಡಿಸಿದಾಗ ನಿಂತಿತು ಎಂದು ಕಾಣುವುದು, ಫಿಟ್ಸ್ ಹೇಗೂ ಅಷ್ಟು ಹೊತ್ತಿಗೆ ತಾನಾಗಿಯೇ ನಿಲ್ಲುವ ಕಾರಣಕ್ಕೆ.

ಐದು ನಿಮಿಷ ದಾಟಿದರೆ, ಒಂದು ನಿಂತು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಬಂದರೆ, ಬಸುರಿಯಾಗಿದ್ದರೆ, ನೀರಿನಲ್ಲಿ ಬಿದ್ದಿದ್ದರೆ, ತಲೆಗೆ ಏಟಾಗಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ ಅಥವಾ ಜೀವನದಲ್ಲಿ ಇದೇ ಮೊದಲ ಸಲವಾದರೆ 108ಕ್ಕೆ ಕರೆ ಮಾಡಿ.

ಮತ್ತೆ ಕಾಯಿಲೆಗೆ ಹೆಸರಿಡುವ ಕೆಲಸವನ್ನು ಡಾಕ್ಟರರಿಗೆ ಬಿಡಿ. ನಮ್ಮ ಪಾಲಿಗೆ ಬಂದಿರುವುದು ಎರಡೇ ಕೆಲಸ: ಕಂಡದ್ದನ್ನು ಸರಿಯಾಗಿ ಕಾಣುವುದು, ಹೇಳಬೇಕಾದವರಿಗೆ ಮಾತ್ರ ಹೇಳುವುದು.